ಕರಡಿಗೆಯ ಒಳಗೆ

ಫೆಬ್ರವರಿ 3, ಸೋಮವಾರ

ಅವ್ವ ಹೋಗಿ ಇವತ್ತಿಗೆ ಎರಡು ತಿಂಗಳು ಎಂಟು ದಿನ.

ಈ ನೋಟ್‌ಬುಕ್ ರವೀಂದ್ರ ಸರ್ ಕೊಟ್ಟದ್ದು. ಪ್ರದರ್ಶನಕ್ಕೆ ತಂದ ವಸ್ತುವನ್ನು ದಿನಾ ನೋಡಿ ಬರೆಯಬೇಕೆಂದು ತರಗತಿಯ ಹದಿನೇಳು ಜನಕ್ಕೂ ಒಂದೊಂದು ಕೊಟ್ಟಿದ್ದಾರೆ. ಅವರಿಗೆ ತೋರಿಸಲು ಬೇರೆ ಪುಸ್ತಕ ಕೊಂಡುಕೊಳ್ಳುತ್ತೇನೆ. ಇದರಲ್ಲಿ ಬರೆಯುವುದನ್ನು ಯಾರಿಗೂ ತೋರಿಸಲಾರೆ.

ಕಲಾ ಇತಿಹಾಸದ ಎಂ.ಎ. ಓದುವವರು ಕೊನೆಯ ವರ್ಷ ಒಂದು ಪ್ರದರ್ಶನವನ್ನು ತಾವೇ ಕಟ್ಟಿ ನಿಲ್ಲಿಸಬೇಕು. ನಮ್ಮದು ಮಾರ್ಚ್ ಹತ್ತಕ್ಕೆ. ವಿಷಯ ‘ಮನೆಯ ವಸ್ತು’. ನವೆಂಬರಿನಲ್ಲಿ ಪಟ್ಟಿ ಮಾಡುವಾಗ ನಾನು ಇಷ್ಟಲಿಂಗ ಇಡುವ ಅವ್ವನ ಬೆಳ್ಳಿ ಕರಡಿಗೆಯ ಹೆಸರು ಕೊಟ್ಟಿದ್ದೆ. ಆಗ ಅವ್ವ ಇದ್ದಳು. ಕೊರಳಲ್ಲಿದ್ದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಕ್ಕಿದ್ದಳು. “ಇದ್ನ ಬಿಚ್ಚಿ ಕೊಟ್ಟೇನಾ ನಾನು? ಬೇಕಾದ್ರೆ ನನ್ನೂ ಕರ್ಕಂಡೋಗಿ ಮೇಜಿನ ಮ್ಯಾಲೆ ಕುಂಡ್ರಿಸು.”

ಇವತ್ತು ಕರಡಿಗೆಯ ‘ಸ್ಥಿತಿ ವರದಿ’ ಬರೆಯುವ ದಿನ. ವಸ್ತು ನಮ್ಮ ಕೈಗೆ ಬಂದಾಗ ಹೇಗಿತ್ತು, ಎಲ್ಲಿ ಸೀಳು, ಎಲ್ಲಿ ಬೆಸುಗೆ, ಎಲ್ಲಿ ಕಪ್ಪು ಹಿಡಿದಿದೆ ಎಂಬುದನ್ನು ಬರೆದಿಡಬೇಕು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೈಗವಸು ಹಾಕಿಕೊಂಡು ಕೂತೆ. ತರಗತಿಯ ಗೆಳತಿ ಧನ್ಯಾ ಫೋಟೋ ತೆಗೆಯಲು ನಿಂತಿದ್ದಳು. ಹೋದ ಎರಡು ತಿಂಗಳಲ್ಲಿ ನಾನು ಕರಡಿಗೆಯನ್ನು ಒಂದು ಸಲವೂ ತೆರೆದಿರಲಿಲ್ಲ. ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ಹಾಗೇ ಇಟ್ಟಿದ್ದೆ.

“ಮುಚ್ಚಳ ತೆಗೆಯಿರಿ ಪ್ರತಿಭಾ,” ಎಂದರು ಸರ್.

ತೆಗೆದೆ. ಒಳಗೆ ಹತ್ತಿಯ ಮೇಲೆ ಅವ್ವನ ಲಿಂಗ ಇತ್ತು.

“ಅಯ್ಯೋ, ಒಳಗಡೆ ದೇವ್ರೂ ಐತೆ ಕಣೇ!” ಎಂದಳು ಧನ್ಯಾ. ಸರ್ ಕನ್ನಡಕ ತೆಗೆದು ಬಗ್ಗಿ ನೋಡಿದರು. “ಪೂರ್ತಿ ಇದೆಯಲ್ರೀ! ಮ್ಯೂಸಿಯಮ್ಮುಗಳಲ್ಲಿ ಕರಡಿಗೆ ಬೇಕಾದಷ್ಟು ನೋಡಿದ್ದೇನೆ, ಎಲ್ಲಾ ಖಾಲಿ. ಇದೇ ನಮ್ಮ ಪ್ರದರ್ಶನದ ಮುಖ್ಯ ವಸ್ತು.”

ಎಲ್ಲಾ ಕಡೆ ಯಾಕೆ ಖಾಲಿ ಎಂದು ನನಗೆ ಗೊತ್ತು. ನಮ್ಮವರು ಸತ್ತಾಗ ಅವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡುತ್ತಾರೆ. ಲಿಂಗ ಅವರ ಜೊತೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಬೆಳ್ಳಿ ಮಾತ್ರ.

ಲಿಂಗ ಇಲ್ಲಿದ್ದರೆ ಅವ್ವನ ಕೈಯಲ್ಲಿ ಏನಿದೆ?

ಫೆಬ್ರವರಿ 4, ಮಂಗಳವಾರ

ಆಸ್ಪತ್ರೆಯಲ್ಲಿ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಬರೆದರೆ ತಪ್ಪಿದ್ದು ಎಲ್ಲಿ ಎಂದು ಕಾಣಬಹುದು.

ನವೆಂಬರ್ 24, ಬೆಳಿಗ್ಗೆ. ಅವ್ವನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಹೊತ್ತು. ಮೈಮೇಲಿನ ಬೆಳ್ಳಿ, ಬಂಗಾರ ಎಲ್ಲಾ ಬಿಚ್ಚಿ ಎಂದಳು ನರ್ಸ್. ಕರಡಿಗೆ ಬಿಚ್ಚಿದೆ. “ಲಿಂಗ ಒಂದ್ನ ಬಟ್ಟೇಲಿ ಗಂಟಾಕಿ ತೋಳಿಗೆ ಕಟ್ಬುಡವ್ವ,” ಎಂದಳು ಅವ್ವ. ಹಾಗೇ ಮಾಡಿದೆ. ಬಿಳಿ ಬಟ್ಟೆಯ ಚೂರು. ಇದು ಚೆನ್ನಾಗಿ ನೆನಪಿದೆ. ಅವ್ವನ ಪೂಜೆಯ ಚೀಲದಲ್ಲಿ ಒಂದು ವಿಭೂತಿ ಗಟ್ಟಿಯೂ ಇತ್ತು. ಅದನ್ನೂ ಅವಳು ಬಿಳಿ ಬಟ್ಟೆಯಲ್ಲೇ ಗಂಟು ಹಾಕಿಟ್ಟಿದ್ದಳು. ಇದೂ ನೆನಪಿದೆ.

ಆಮೇಲಿನದು ಮಸುಕು. ಸ್ಟ್ರೆಚರ್ ಹೊರಟಿತು. ಇನ್ನೊಬ್ಬ ನರ್ಸ್ ತೋಳು ನೋಡಿ, ಇಲ್ಲಿ ಸೂಜಿ ಹಾಕಬೇಕು ಎಂದು ಗಂಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಸ್ಟ್ರೆಚರಿನ ಜೊತೆ ಓಡುತ್ತಿದ್ದೆ. ಓಡುತ್ತಲೇ ಲಿಂಗವನ್ನು ಮತ್ತೆ ಕರಡಿಗೆಗೆ ಹಾಕಿ, ಕರಡಿಗೆಯನ್ನು ಕಾಲೇಜಿನ ಬ್ಯಾಗಿಗೆ ಹಾಕಿಕೊಂಡಿರಬೇಕು. ಇರಬೇಕು, ಅಷ್ಟೆ. ಹಾಕಿದ ನೆನಪು ಈಗಲೂ ಬರುವುದಿಲ್ಲ.

26ಕ್ಕೆ ಅವ್ವ ಕಣ್ಣು ಮುಚ್ಚಿದಳು. ಅಣ್ಣ ಗೌರೀಶಂಕರ ನನ್ನ ಹತ್ತಿರ ಬಂದು, “ಅವ್ವನ ಲಿಂಗ ಎಲ್ಲಿ?” ಎಂದ. ನಾನು ಅಳುತ್ತಾ ಪೂಜೆಯ ಚೀಲದ ಕಡೆ ಕೈ ತೋರಿಸಿದೆ. “ಬಟ್ಟೇಲಿ ಕಟ್ಟಿದೀನಿ. ಅದ್ರಲ್ಲೇ ಐತೆ.” ಅಣ್ಣ ಬಿಳಿ ಗಂಟನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಅದು ವಿಭೂತಿ ಗಟ್ಟಿ.

ಮಣ್ಣು ಮಾಡುವ ಕಡೆಗೆ ನಾನು ಹೋಗಿರಲಿಲ್ಲ. ತಲೆ ಸುತ್ತಿ ಬಿದ್ದವಳನ್ನು ಮನೆಯಲ್ಲೇ ಮಲಗಿಸಿದ್ದರು. ಪೂಜೆ ಮಾಡಿಸಿದ ಅಯ್ನೋರು ಗಂಟು ಬಿಚ್ಚಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಊರೆಲ್ಲಾ ಮಾತಾಗುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅಂದರೆ ಬಿಚ್ಚಲಿಲ್ಲ. ಹಾಗೇ ಕೈಯಲ್ಲಿಟ್ಟು ಮಣ್ಣು ಎಳೆದಿದ್ದಾರೆ.

ಅವ್ವ, ನೀನು ಕೇಳಿದ್ದು ಅದೊಂದೇ ಅಲ್ಲವಾ. ಅದನ್ನೂ ನಾನು ಮಾಡಲಿಲ್ಲ.

ಫೆಬ್ರವರಿ 6, ಗುರುವಾರ

ಕರಡಿಗೆಗೆ ವಸ್ತು ಸಂಖ್ಯೆ 14 ಎಂದು ಬಂದಿದೆ. ದಾಖಲೆ ಪುಸ್ತಕದಲ್ಲಿ ಉದ್ದ, ಅಗಲ, ತೂಕ ಬರೆದೆ. ‘ಯಾರಿಗೆ ಸೇರಿದ್ದು’ ಎಂಬಲ್ಲಿ ‘ರೇವಮ್ಮ, ಮಲ್ಲಿಪಟ್ಟಣ’ ಎಂದು ಬರೆದೆ. ‘ಹೇಗೆ ಬಂತು’ ಎಂಬ ಕಡೆ ಪೆನ್ನು ನಿಂತುಹೋಯಿತು. ಆಮೇಲೆ ಬರೆಯುತ್ತೇನೆ ಎಂದು ಸರ್‌ಗೆ ಹೇಳಿದೆ.

ವಸ್ತುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಟೆಂಡರ್ ಶಿವರಾಜಣ್ಣನ ಕೆಲಸ. ಚನ್ನರಾಯಪಟ್ಟಣದ ಕಡೆಯವರು, ಹಣೆಯ ತುಂಬ ವಿಭೂತಿ. ಕರಡಿಗೆಯ ಮುಚ್ಚಳ ಎತ್ತಿ ನೋಡಿದವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಯಾರ್ದವ್ವ ಇದು?”

“ನಮ್ಮವ್ವಂದು.”

“ಅವ್ರು ಇದ್ದಾರಾ?”

ಹೌದು ಅಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು.

“ಇರೋರು ಲಿಂಗ ಬಿಟ್ಟು ಎಂಗವ್ವ ಇರ್ತಾರೆ? ನಮ್ಮ ಮನೇಲಿ ಸ್ನಾನಕ್ಕೋದ್ರೂ ಬಿಚ್ಚಲ್ಲ.” ನಾನು ದಾಖಲೆ ಪುಸ್ತಕ ಮುಚ್ಚಿದೆ. ಅವರೇ ಮುಂದುವರಿಸಿದರು. “ಇರೋರ್ದಾದ್ರೆ ಮೈಮ್ಯಾಲೆ ಇರ್ಬೇಕು. ಓದೋರ್ದಾದ್ರೆ ಮಣ್ಣಲ್ಲಿರ್ಬೇಕು. ಬೀರುನಲ್ಲಿ ಏನ್ ಮಾಡ್ತೈತೆ ಇದು?”

ನನ್ನ ಲಿಂಗ ಹಾಸ್ಟೆಲ್ಲಿನ ಪೆಟ್ಟಿಗೆಯಲ್ಲಿದೆ. ಅದನ್ನೂ ಅವರಿಗೆ ಹೇಳಲಿಲ್ಲ.

ನಮ್ಮವರು ಯಾರು ನೋಡಿದರೂ ಇದೇ ಪ್ರಶ್ನೆ ಕೇಳುತ್ತಾರೆ. ಮಾರ್ಚ್ ಹತ್ತಕ್ಕೆ ಎಷ್ಟು ಜನ ನೋಡಲು ಬರುತ್ತಾರೋ.

ಫೆಬ್ರವರಿ 9, ಭಾನುವಾರ

ಅಣ್ಣನ ಫೋನ್. ಭಾನುವಾರ ಮಾಡುತ್ತಾನೆ. “ಊಟ ಆಯ್ತಾ? ಸರಿ. ಇಡ್ಲಾ?” ಅಷ್ಟೇ. ಮೊದಲು ಹೀಗಿರಲಿಲ್ಲ. ಮಲ್ಲಿಪಟ್ಟಣದ ನಮ್ಮ ಗೊಬ್ಬರದ ಅಂಗಡಿಗೆ ಬಂದವರ ಸುದ್ದಿಯನ್ನೆಲ್ಲ ಹೇಳಿ ನಗಿಸುತ್ತಿದ್ದ. ಅವ್ವ ಹೋದ ಮೇಲೆ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆಯಲ್ಲೂ ನಾನು ಬಡಿಸಲು ಬಂದರೆ ಎಲೆಯ ಮುಂದಿನಿಂದ ಎದ್ದುಹೋಗುತ್ತಿದ್ದ.

ಅವನಿಗೆ ನನ್ನ ಮೇಲೆ ಏನೋ ಇದೆ. ಲಿಂಗದ ವಿಷಯ ಅವನಿಗೆ ಗೊತ್ತಿಲ್ಲದಿರುವಾಗಲೇ ಹೀಗೆ. ಇದು ಗೊತ್ತಾದರೆ?

ಫೆಬ್ರವರಿ 12, ಬುಧವಾರ

ಏನೂ ಓದಲಾಗಲಿಲ್ಲ. ಕಣ್ಣು ಮುಚ್ಚಿದರೆ ಅವ್ವ ಕತ್ತಲಲ್ಲಿ ಕೂತಿದ್ದಾಳೆ. ಎಡಗೈಯನ್ನು ಬಿಡಿಸಿ, ಬಿಡಿಸಿ ನೋಡುತ್ತಿದ್ದಾಳೆ.

ಫೆಬ್ರವರಿ 17, ಸೋಮವಾರ

ಇವತ್ತು ತರಗತಿಯಲ್ಲಿ ಒಂದು ಗಂಟೆ ಒಂದೇ ವಸ್ತುವನ್ನು ನೋಡಿ ಬರೆಯುವ ಅಭ್ಯಾಸ. ‘ಸುಂದರ’, ‘ಅಪೂರ್ವ’, ‘ಪುರಾತನ’ ಎಂಬ ಮೂರು ಮಾತುಗಳನ್ನು ಸರ್ ಹಲಗೆಯ ಮೇಲೆ ಬರೆದು ಅಡ್ಡಗೆರೆ ಎಳೆದರು. “ಕಂಡದ್ದು ಬರೆಯಿರಿ. ಅನಿಸಿದ್ದು ಆಮೇಲೆ.”

ಧನ್ಯಾಳದು ಮುದ್ದೆ ತಿರುವುವ ಕೋಲು. ಹಳೇಕೋಟೆಯಲ್ಲಿರುವ ಅವಳ ಅಜ್ಜಿ ದೊಡ್ಡತಾಯಮ್ಮ ದಿನಾ ಫೋನ್ ಮಾಡುತ್ತಾರಂತೆ. “ನಮ್ಮಜ್ಜಿ ಏನಂದ್ಲು ಗೊತ್ತಾ? ‘ಲೇ, ನಿಮ್ ಕಾಲೇಜ್‌ನೋರಿಗೆ ಕೋಲು ನೋಡಕ್ಕೆ ಒಂದು ತಿಂಗ್ಳು ಬೇಕಾ? ಒಸ ಕೋಲಲ್ಲಿ ತಿರುವ್ತಿದ್ರೆ ಮುದ್ದೆ ಗಂಟಾಯ್ತೈತೆ, ತಂದು ಮಡಗು’ ಅಂತಾಳೆ.” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೇನೋ.

ನಾನು ಬರೆದದ್ದು: ಕರಡಿಗೆಯ ಮೇಲ್ಭಾಗದ ಎಡ ಮಗ್ಗುಲು ಸವೆದು ನುಣುಪಾಗಿದೆ, ಬಲಭಾಗದ ಗೆರೆಗಳು ಇನ್ನೂ ಚೂಪಾಗಿವೆ. ಧರಿಸಿದವರು ಎಡಗೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ದಾರ ಪೋಣಿಸುವ ಬಳೆಗಳಲ್ಲಿ ಒಂದನ್ನು ಎರಡು ಸಲ ಬೆಸೆದಿದೆ.

ಎರಡು ಸಲ ಬೆಸೆದದ್ದು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ಕಣ್ಣೆದುರಿಗಿತ್ತು.

ಆಮೇಲೆ ಮುಚ್ಚಳ ತೆಗೆದಾಗ ಹತ್ತಿ ಒದ್ದೆಯಾಗಿತ್ತು. ಸರ್ ಗಾಬರಿಯಾದರು. ವಸ್ತುವಿಗೆ ನೀರು ತಾಗಿದರೆ ಅದು ದೊಡ್ಡ ಅಪರಾಧ. ಬೀರುವಿನ ಕೀಲಿ ಯಾರ ಹತ್ತಿರ ಎಂದು ಶಿವರಾಜಣ್ಣನನ್ನು ಕರೆಸಿದರು.

“ನೀರು ನಾನೇ ಆಕಿದ್ದು ಸಾ. ದಿನಾ ಬೆಳಿಗ್ಗೆ ಒಂದು ಉದ್ಧರಣೆ ನೀರು, ಒಂದು ಬಿಲ್ವಪತ್ರೆ. ಪತ್ರೆ ಸಾಯಂಕಾಲ ತಗ್ದಾಕ್ಬುಡ್ತೀನಿ.”

“ಶಿವರಾಜು, ಇದು ಮ್ಯೂಸಿಯಂ ವಸ್ತು. ಕೈಗವಸು ಇಲ್ಲದೆ ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದೇನೆ?”

“ಕೈಗವ್ಸ ಆಕ್ಕಂಡು ಪೂಜೆ ಮಾಡಕ್ಕಾಯ್ತದಾ ಸಾ? ಮಿಕ್ಕಿದ್ದು ಅದಿನಾರೂ ನಿಮ್ಮವು. ಇದೊಂದು ಉಪಾಸ ಇರಾಕಾಗಲ್ಲ.”

ಸರ್ ಹತ್ತಿ ಬದಲಾಯಿಸಿ ಎಂದು ಹೊರಟುಹೋದರು. ನಾನು ವರದಿಯಲ್ಲಿ ‘ಹತ್ತಿಯಲ್ಲಿ ತೇವ, ಕಾರಣ ನಿತ್ಯಪೂಜೆ’ ಎಂದು ಬರೆದೆ. ಶಿವರಾಜಣ್ಣ ಹೋಗುವಾಗ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ಯಾರ್ದೋ ಏನೋ ನಾನು ಕೇಳಲ್ಲ ಕಣವ್ವ. ಒಂದು ದಿನಾನೂ ತಪ್ಸಿಲ್ಲ.”

ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಭಯದ ಅಳು ಅಲ್ಲ. ಏನೆಂದು ಗೊತ್ತಿಲ್ಲ.

ಫೆಬ್ರವರಿ 21, ಶುಕ್ರವಾರ

ಪೋಸ್ಟರ್ ಬಂದಿದೆ. ಹದಿನೇಳು ವಸ್ತುಗಳಲ್ಲಿ ಸರ್ ಆರಿಸಿರುವುದು ಹದಿನಾಲ್ಕನೆಯದನ್ನು. ಮುಚ್ಚಳ ತೆರೆದ ಕರಡಿಗೆ, ಒಳಗೆ ಲಿಂಗ. ಧನ್ಯಾ ತೆಗೆದ ಫೋಟೋ. ಕೆಳಗೆ ದಿನಾಂಕ, ಸ್ಥಳ, ನಮ್ಮೆಲ್ಲರ ಹೆಸರು.

“ಎಂಗೈತೆ? ಸ್ಟೇಟಸ್‌ಗೆ ಆಕ್ಬುಡ್ಲಾ?” ಎಂದಳು ಧನ್ಯಾ.

“ಬ್ಯಾಡ.” ನನ್ನ ದನಿಗೆ ನಾನೇ ಬೆಚ್ಚಿದೆ.

“ಯಾಕೇ, ದೃಷ್ಟಿ ಆಯ್ತದಾ?”

ಅಚ್ಚಾದದ್ದು ಇನ್ನೂರು. ಸೋಮವಾರದಿಂದ ಹಾಸನ, ಹೊಳೆನರಸೀಪುರ, ಅರಕಲಗೂಡಿನ ಬಸ್ ನಿಲ್ದಾಣಗಳಲ್ಲಿ ಅಂಟಿಸಬೇಕೆಂದು ಮಾತಾಗಿತ್ತು. ಅರಕಲಗೂಡಿನಲ್ಲಿ ಬಸ್ ಇಳಿದವನು ತಲೆ ಎತ್ತಿದರೆ ಅವ್ವನ ಲಿಂಗ ಗೋಡೆಯ ಮೇಲೆ. ಅಣ್ಣ ಸರಕಿಗೆಂದು ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಾನೆ.

ಅರಕಲಗೂಡಿನ ಪಾಲಿನದನ್ನು ನಾನು ಅಂಟಿಸುತ್ತೇನೆ ಎಂದು ಹೇಳಿ ನಲವತ್ತು ಪೋಸ್ಟರ್ ಇಸಿದುಕೊಂಡೆ. ಮಂಚದ ಕೆಳಗಿಟ್ಟಿದ್ದೇನೆ. ಇದು ಮೋಸ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಊರಿಗೆ ಬಂದಿದ್ದೇನೆ. ಹೇಳಿಬಿಡಬೇಕು ಎಂದೇ ಬಂದದ್ದು.

ಬೆಳಿಗ್ಗೆ ಅಣ್ಣ ಪೂಜೆಗೆ ಕೂತ. ಎಡಗೈಯಲ್ಲಿ ಲಿಂಗವಿಟ್ಟುಕೊಂಡು ನೀರೆರೆದ. ಅತ್ತಿಗೆ ಒಳಗೆ ತಂಬಿಟ್ಟು ಕಟ್ಟುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಅವನ ಕೈಯನ್ನೇ ನೋಡುತ್ತಿದ್ದೆ. ಅವ್ವನ ಕೈಯ ಹಾಗೇ ಇದೆ, ಹೆಬ್ಬೆರಳು ಮೊಂಡು. ಅವನಿಗೆ ನಾನು ನೋಡುತ್ತಿರುವುದು ತಿಳಿಯಿತು.

“ಅವ್ವನ ಕರಡಿಗೆ ನಿನ್ನತ್ರಾನೇ ಐತಲ್ವಾ?” ತಿರುಗದೆ ಕೇಳಿದ.

“ಐತಣ್ಣ.”

ಈಗ ಹೇಳಬೇಕು ಅಂದುಕೊಂಡೆ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಅವನು ಇನ್ನೇನೋ ಕೇಳುವವನಂತೆ ಬಾಯಿ ತೆರೆದ. ಕೇಳಲಿಲ್ಲ. “ಜ್ವಾಪಾನ,” ಎಂದು ಕಣ್ಣು ಮುಚ್ಚಿಕೊಂಡ.

ಸಾಯಂಕಾಲದ ಬಸ್ಸಿಗೆ ಹಾಸನಕ್ಕೆ ವಾಪಸ್.

ಫೆಬ್ರವರಿ 28, ಶುಕ್ರವಾರ

ಶಿವರಾಜಣ್ಣನಿಗೆ ಹೇಳಿದೆ. ಯಾಕೆ ಮೊದಲು ಅವರಿಗೆ ಎಂದು ಗೊತ್ತಿಲ್ಲ. ಬೆಳಿಗ್ಗೆ ಬೇಗ ಹೋದಾಗ ಅವರು ಬೀರುವಿನ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದರು. ಹೇಳಿಬಿಟ್ಟೆ. ಆಸ್ಪತ್ರೆ, ಎರಡು ಗಂಟು, ಎಲ್ಲಾ. ಅವ್ವ ಇದ್ದಾಳೆ ಎಂದು ಸುಳ್ಳು ಹೇಳಿದ್ದನ್ನೂ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೀರುವಿಗೆ ಬೀಗ ಹಾಕಿ ನನ್ನ ಕಡೆ ತಿರುಗಿದರು.

“ನಿಮ್ಮಣ್ಣಂಗೆ ಏಳಿದ್ಯಾ?”

“ಇಲ್ಲ.”

“ಅಂಗಾದ್ರೆ ನನ್ಗೆ ಏಳಿ ಏನ್ ಬಂತವ್ವ? ನಾನು ನೀರಾಕೋನು ಅಷ್ಟೇಯ. ಅವ್ವ ಇಬ್ರಿಗೂ ಅವ್ವಾನೇ ಅಲ್ವಾ?”

ಮಾರ್ಚ್ 1, ಶನಿವಾರ

ರವೀಂದ್ರ ಸರ್ ಕೋಣೆಗೆ ಹೋದೆ. ಒಳಗೆ ಹೋಗುವ ಮೊದಲು ಮೂರು ಸಲ ಬಾಗಿಲ ಹತ್ತಿರದಿಂದ ಹಿಂದಕ್ಕೆ ಬಂದಿದ್ದೆ. ಲಿಂಗವನ್ನು ಪ್ರದರ್ಶನದಿಂದ ವಾಪಸ್ ತೆಗೆದುಕೊಳ್ಳುತ್ತೇನೆ, ಕರಡಿಗೆ ಮಾತ್ರ ಇಡುತ್ತೇನೆ ಎಂದೆ.

ಸರ್ ಪೋಸ್ಟರನ್ನು ತೋರಿಸಿದರು. “ಪ್ರತಿಭಾ, ಇದನ್ನು ಎಲ್ಲಾ ಕಡೆ ಅಂಟಿಸಿ ಆಗಿದೆ. ಒಳಗಿನ ವಸ್ತು ಇಲ್ಲದಿದ್ದರೆ ಅದು ಬರೀ ಒಂದು ಬೆಳ್ಳಿ ಡಬ್ಬಿ.”

“ಒಳಗಿನದು ವಸ್ತು ಅಲ್ಲ ಸರ್.”

“ಮತ್ತೆ?”

“ಅದು ನಮ್ಮವ್ವನ ಜೊತೆ ಹೋಗಬೇಕಾಗಿದ್ದದ್ದು. ನನ್ನ ತಪ್ಪಿನಿಂದ ಉಳಿದುಕೊಂಡಿದೆ.”

ಅವರು ಪೆನ್ನು ಕೆಳಗಿಟ್ಟರು. ನಾನು ಪೂರ್ತಿ ಹೇಳಿದೆ. ಎರಡನೆಯ ಸಲ ಹೇಳುವಾಗ ಮೊದಲಿಗಿಂತ ನೇರವಾಗಿ ಬಂತು. ಯಾವುದು ನೆನಪಿದೆ, ಯಾವುದು ಊಹೆ ಎಂದು ಬೇರೆ ಬೇರೆ ಮಾಡಿ ಹೇಳಿದೆ. ಕೊನೆಗೆ ಮಂಚದ ಕೆಳಗಿನ ನಲವತ್ತು ಪೋಸ್ಟರ್ ವಿಷಯವನ್ನೂ ಹೇಳಿದೆ.

“ಹಾಗಾದರೆ ಅರಕಲಗೂಡಿನಲ್ಲಿ ಅಂಟಿಸಿಯೇ ಇಲ್ಲ.”

“ಇಲ್ಲ ಸರ್.”

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಆವತ್ತು ಖಾಲಿ ಕರಡಿಗೆಗಳ ಬಗ್ಗೆ ಅಷ್ಟು ಮಾತಾಡಿದೆ. ಯಾಕೆ ಖಾಲಿ ಅಂತ ನಾನು ನಿಮ್ಮನ್ನು ಕೇಳಬೇಕಿತ್ತು,” ಎಂದರು. ವಸ್ತುವನ್ನು ಹೊರಗೆ ಕೊಡುವ ಚೀಟಿ ಬರೆದು ರುಜು ಹಾಕಿದರು. ಬೇರೆ ಪೋಸ್ಟರ್ ಮಾಡಿಸೋಣ, ಮುದ್ದೆ ಕೋಲು ಇದೆಯಲ್ಲ ಎಂದರು. ಅಂಟಿಸಿದ್ದನ್ನು ಕೀಳಿಸಲು ಶಿವರಾಜಣ್ಣನನ್ನು ಕಳಿಸುತ್ತಾರಂತೆ.

ಶಿವರಾಜಣ್ಣ ಲಿಂಗವನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಗಂಟು ಹಾಕುವ ಮೊದಲು ಬಟ್ಟೆ ಬಿಡಿಸಿ ನನಗೆ ತೋರಿಸಿದರು. “ನೋಡ್ಕಂಡ್ಯಾ? ಲಿಂಗವೇ ತಾನೆ?”

ನಾಳೆ ಅಣ್ಣ. ಸರ್ ಮುಂದೆ ಬಂದ ಮಾತು ಅವನ ಮುಂದೆ ಬರುತ್ತದೋ ಇಲ್ಲವೋ.

ಮಾರ್ಚ್ 2, ಭಾನುವಾರ

ಬಸ್ಸಿನಲ್ಲಿ ಗಂಟನ್ನು ಎಡಗೈಯಲ್ಲಿ ಹಿಡಿದೇ ಕೂತಿದ್ದೆ. ಅರಕಲಗೂಡಿನಲ್ಲಿ ಬಸ್ ಬದಲಾಯಿಸುವಾಗ ಪ್ರೈವೇಟ್ ಬಸ್ಸಿನ ಕಂಡಕ್ಟರ್, “ಬಲಗೈಲಿ ದುಡ್ಡು ಕೊಡಮ್ಮ, ಆ ಕೈಲಿ ಏನ್ ಬಂಗಾರ ಮಡಗಿದ್ದೀಯ?” ಎಂದ. ಅಣ್ಣ ಹೊಡೆಯುವವನಲ್ಲ. ಹೊಡೆದರೆ ಒಳ್ಳೆಯದು ಎಂದುಕೊಂಡೆ. ಅವನು ಮಾತು ಬಿಟ್ಟರೆ ನನಗೆ ಇನ್ನು ಯಾರೂ ಇಲ್ಲ.

ಅಂಗಡಿಯಲ್ಲಿ ಗಿರಾಕಿ ಇದ್ದರು. ಗೊಬ್ಬರದ ಮೂಟೆಗಳ ಮೇಲೆ ಕೂತು ಕಾದೆ. ಒಬ್ಬ ಮುದುಕರು ಜೋಳದ ಬೀಜದ ಪ್ಯಾಕೆಟ್ ಹಿಡಿದು ಅಣ್ಣನ ಜೊತೆ ಜಗಳ ತೆಗೆದಿದ್ದರು. “ಚಿತ್ರದಾಗೆ ತೆನೆ ಮೊಳದುದ್ದ ಐತೆ ಕಣ್ಲಾ. ನನ್ನೊಲದಾಗೆ ಬೆರಳುದ್ದ ಬಂತು. ಚಿತ್ರಾನೇ ಬಿತ್ಬೇಕಿತ್ತು ನಾನು.” ಅಣ್ಣ ನಗಲಿಲ್ಲ. ಅವರು ಹೋದ ಮೇಲೆ ನನ್ನ ಕಡೆ ನೋಡಿದ.

“ಮೊನ್ನೆ ತಾನೆ ಬಂದೋದ್ಯಲ್ಲ. ಏನಾಯ್ತು?”

ನಾನು ಏಳಲಿಲ್ಲ. ಕೂತಲ್ಲೇ ಎಡಗೈ ಮುಂದೆ ಚಾಚಿದೆ.

“ಅಣ್ಣ, ಅವ್ವನ ಲಿಂಗ ನನ್ನತ್ರ ಐತೆ.”

‘ಏನು?’ ಅನ್ನಲಿಲ್ಲ. ‘ಹೇಗೆ?’ ಅನ್ನಲಿಲ್ಲ. ಅವನ ಬಾಯಿಂದ ಬಂದದ್ದು ಒಂದೇ ಮಾತು.

“ಸಿಕ್ತಾ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು.

ಅವನು ತಕ್ಕಡಿಯ ಪಕ್ಕದಲ್ಲಿ ನೆಲದ ಮೇಲೇ ಕುಳಿತುಬಿಟ್ಟ. ಗಂಟು ಬಿಚ್ಚಿ ನೋಡಿದ. ಹಣೆಗೆ ಒತ್ತಿಕೊಂಡ. ಆಮೇಲೆ ಹೇಳಿದ. ಗುಣಿಯ ಅಂಚಿನಲ್ಲಿ ಊರಿನ ಅಯ್ನೋರು ಹುಚ್ಚಯ್ಯನವರು ಗಂಟು ಬಿಚ್ಚಿದಾಗ ಒಳಗೆ ವಿಭೂತಿ. ಕಂಡದ್ದು ಅವರಿಬ್ಬರಿಗೆ ಮಾತ್ರ. ಸುತ್ತ ಊರೇ ನಿಂತಿತ್ತು. ಹುಚ್ಚಯ್ಯನವರು ತುಟಿ ಬಿಚ್ಚದೆ ಬೆನ್ನು ತಿರುಗಿಸಿ, ತಮ್ಮ ಜೋಳಿಗೆಯಲ್ಲಿದ್ದ ಹೊಸ ಲಿಂಗ ತೆಗೆದು, ಮಂತ್ರ ಹೇಳಿ ಅವ್ವನ ಕೈಯಲ್ಲಿಟ್ಟರಂತೆ.

“ಮಾರನೇ ದಿನ ಆಸ್ಪತ್ರೆಗೋದೆ. ಮಂಚದ ಕೆಳೀಕೆ, ಕಸದ ಬುಟ್ಟಿ, ಎಲ್ಲಾ ನೋಡ್ದೆ. ಆಂಬುಲೆನ್ಸ್‌ನೋನ ಮನೆ ಉಡ್ಕಂಡೋಗಿ ಸೀಟ್ ಬಿಚ್ಚಿಸ್ದೆ. ನನ್ ಕೈಗೆ ಕೊಟ್ಟಿದ್ದಲ್ವಾ ನೀನು, ನಾನೇ ಎಲ್ಲೋ ಬೀಳಿಸ್ಬುಟ್ಟೆ ಅನ್ಕಂಡೆ. ನಿನ್ ಮೊಖ ನೋಡಕ್ಕೆ ಆಯ್ತಿರ್ಲಿಲ್ಲ ಕಣವ್ವ.”

“ಕರಡಿಗೇಲೇ ಇತ್ತಣ್ಣ, ನಾನು ಮುಚ್ಚಳ ತಗ್ದು ನೋಡಿದ್ದೇ ಈ ಫೆಬ್ರವರೀಲಿ. ನನ್ನ ಯಾಕೆ ಒಂದು ಮಾತು ಕೇಳ್ಲಿಲ್ಲ ನೀನು?”

“ಕೇಳಿದ್ರೆ ಗೊತ್ತಾಗೋದಲ್ಲ ನಿನ್ಗೆ, ಅವ್ವನ ಲಿಂಗ ಕಳ್ದೋಯ್ತು ಅಂತ.” ಕಣ್ಣು ಒರೆಸಿಕೊಂಡ. ಇದ್ದಕ್ಕಿದ್ದಂತೆ ಹಳೆಯ ಅಣ್ಣನ ದನಿ ಬಂತು. “ಥೂ, ಎಂ.ಎ. ಓದ್ತಾವ್ಳಂತೆ. ಒಂದು ಡಬ್ಬಿ ಮುಚ್ಚಳ ತಗ್ದು ನೋಡಕ್ಕೆ ಎರಡು ತಿಂಗ್ಳು ಬೇಕಾಯ್ತು!”

ಬಾಗಿಲಲ್ಲಿ ಯಾರೋ ಯೂರಿಯಾ ಕೇಳಿದರು. “ಇವತ್ತು ಅಂಗ್ಡಿ ಇಲ್ಲ,” ಎಂದ ಅಣ್ಣ, ಅಂಗಡಿಯ ನಡುವೆ ಕೂತುಕೊಂಡೇ.

ಮಾರ್ಚ್ 3, ಸೋಮವಾರ

ನಿನ್ನೆಯೇ ಹುಚ್ಚಯ್ಯನವರ ಮನೆಗೆ ಹೋಗಿದ್ದೆವು. ಎಂಬತ್ತು ದಾಟಿದವರು, ಕಿವಿ ಮಂದ. ಅಣ್ಣ ಎರಡು ಸಲ ಕೂಗಿ ಹೇಳಬೇಕಾಯಿತು. ಕೇಳಿ ನನ್ನ ತಲೆ ಮೇಲೆ ಕೈಯಿಟ್ಟರು.

“ಇಟ್ಟಿದ್ದೂ ಲಿಂಗವೇ ಕಣ್ ಮಗ. ನಿಮ್ಮವ್ವ ಬರಿಗೈಲಿ ಓಗ್ಲಿಲ್ಲ. ಅದ್ಕೆ ಎದ್ರುಕೋಬ್ಯಾಡ.” ಲಿಂಗವನ್ನು ಬೆಳಕಿಗೆ ಹಿಡಿದು ನೋಡಿದರು. “ಆದ್ರೆ ಇದು ಅವಳು ಮದ್ವೆಯಾಗಿ ಈ ಊರಿಗೆ ಬರೋಕ್ ಮುಂಚಿಂದ ಅವಳ ಎದೆ ಮ್ಯಾಲೆ ಇದ್ದದ್ದು. ಅವಳ್ಗೆ ಇದು ಬೇಕೋ ಇಲ್ವೋ, ಇದಕ್ಕೆ ಅವಳು ಬೇಕು. ನಾಳೆ ಸ್ವಾಮಾರ. ಬರ್ತೀನಿ.”

ಬೆಳಿಗ್ಗೆ ಏಳು ಗಂಟೆಗೆ ಹೊಲಕ್ಕೆ ಹೋದೆವು. ಅವ್ವನ ಸಮಾಧಿಯನ್ನು ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮಣ್ಣು ಒಂದು ಗೇಣು ಕುಸಿದಿದೆ. ಮೇಲ್ಪದರ ಒಣಗಿ ಉತ್ತರದ ಕಡೆ ಬೆರಳು ಹಿಡಿಸುವಷ್ಟು ಸೀಳು ಬಿಟ್ಟಿದೆ. ಸೀಳಿನಲ್ಲಿ ಗರಿಕೆ ಹುಟ್ಟಿದೆ. ಅಣ್ಣ ಮೊಳದಾಳ ಅಗೆದ. ಅಲ್ಲಿಂದ ಕೆಳಗೆ ಮಣ್ಣು ಕೆಂಪು, ಹಿಡಿದರೆ ಮುದ್ದೆಯಾಗುವಷ್ಟು ತೇವ, ತಣ್ಣಗೆ.

ಹುಚ್ಚಯ್ಯನವರು ಪೂಜೆ ಮುಗಿಸಿ ಲಿಂಗವನ್ನು ಅಣ್ಣನ ಕಡೆ ಚಾಚಿದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

“ತಗ್ದೋಳು ಅವಳು ಅಯ್ನೋರೆ. ಇಡೋಳೂ ಅವಳೇ ಆಗ್ಲಿ.”

“ಎಣ್ಮಕ್ಳು ಇಡೋದ ನಾನು ಕಂಡಿಲ್ಲಪ್ಪ.”

“ಬ್ಯಾಡ ಅಂತ ಎಲ್ಲಾರ ಐತಾ?”

ಅವರು ಯೋಚಿಸಿದರು. “ಬ್ಯಾಡ ಅಂತ ಏಳಿದ್ದನ್ನೂ ಕಾಣೆ.” ನನ್ನ ಕಡೆ ತಿರುಗಿದರು. “ಎಡಗೈ ಚಾಚು ಮಗ.”

ಅಂಗೈಗೆ ಬಂದಾಗ ಅದು ಬಿಸಿಲಿಗೆ ಬೆಚ್ಚಗಾಗಿತ್ತು. ಮಂಡಿಯೂರಿ, ತೋಳನ್ನು ಮೊಣಕೈವರೆಗೆ ಮಣ್ಣೊಳಗೆ ಇಳಿಸಿ, ಕೈ ಮಗುಚಿದೆ. ಬೆರಳು ಬಿಡಿಸಿದ್ದು ನಾನೇ. ಯಾರೂ ಅವಸರ ಮಾಡಲಿಲ್ಲ. ಮಣ್ಣನ್ನೂ ನಾನೇ ಎಳೆದೆ. ಅಣ್ಣ ಮೇಲಿನಿಂದ ನೀರು ಹಾಕಿದ.

ವಾಪಸ್ ಬರುವಾಗ ಅಣ್ಣ ಕೇಳಿದ, ನಿಮ್ಮ ಪ್ರದರ್ಶನದಲ್ಲಿ ಕಾಫಿ ಕೊಡುತ್ತಾರಾ ಎಂದು.

ಮಾರ್ಚ್ 10, ಸೋಮವಾರ

ಕಾಲು ನೋಯುತ್ತಿದೆ. ಬೆಳಿಗ್ಗೆ ಹತ್ತರಿಂದ ಐದರವರೆಗೂ ಹದಿನಾಲ್ಕನೆಯ ಮೇಜಿನ ಪಕ್ಕ ನಿಂತಿದ್ದೆ. ಬಂದವರಿಗೆಲ್ಲ ಬೆಸುಗೆ ತೋರಿಸಿದೆ, ಸವೆದ ಮಗ್ಗುಲು ತೋರಿಸಿದೆ, ಹೇಗೆ ಹಿಡಿದುಕೊಳ್ಳುತ್ತಿದ್ದರೆಂದು ಕೈಯಲ್ಲಿ ಮಾಡಿ ತೋರಿಸಿದೆ. ಗಂಟಲು ಕಟ್ಟಿದೆ. ಧನ್ಯಾಳ ಅಜ್ಜಿ ಕೋಲು ವಾಪಸ್ ಒಯ್ಯಲೆಂದೇ ಬಸ್ ಹತ್ತಿ ಬಂದಿದ್ದರು. ಇನ್ನೂ ಐದು ದಿನ ಕೊಡುವುದಿಲ್ಲ ಎಂದು ತಿಳಿದು ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಅಣ್ಣ ಎರಡು ಸಲ ಕಾಫಿ ಕುಡಿದ.

ನಾಲ್ಕು ಗಂಟೆಯ ಹೊತ್ತಿಗೆ ಹೊಳೆನರಸೀಪುರದಿಂದ ಒಬ್ಬ ಹೆಂಗಸು ಬಂದರು. ವಯಸ್ಸಾದವರು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಂಥದೇ ಕರಡಿಗೆ. ತೆರೆದ ಮುಚ್ಚಳದ ಮೇಲೆ ಬಗ್ಗಿ ನೋಡಿದರು. ಮತ್ತೆ ನೋಡಿದರು.

“ಒಳೀಕೆ ಇದ್ದದ್ದು ಎಲ್ಲವ್ವ?” ಎಂದರು.

“ನಮ್ಮವ್ವನತ್ರ ಐತೆ,” ಎಂದೆ.

ಅವರು ತಲೆಯಾಡಿಸಿ ಮುಂದಿನ ಮೇಜಿಗೆ ಹೋದರು.